ಗ್ರಾಫಿಗೆ ಮೀಸೆ ಹಾಕುವ ಮುನ್ನ: ಆರ್ ಭಾಷೆಯಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್ ತೋರಿಸುವ ಕ್ರಮ

ಥೀಸಿಸ್ ಸಲ್ಲಿಸುವ ದಿನ ಹತ್ತಿರ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಯ ಕೃಷಿ ಮತ್ತು ತೋಟಗಾರಿಕೆ ವಿದ್ಯಾರ್ಥಿಗಳಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. "ಸರ್, ಗೈಡ್ ಎರರ್ ಬಾರ್ ಹಾಕ್ಕೊಂಡು ಬಾ ಅಂದಾರ. ಹೆಂಗ ಹಾಕೋದ್ರೀ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿದ್ದೇನೆ.

ಹಾಕುವುದು ಕಷ್ಟವಲ್ಲ, ಒಂದು ಸಾಲಿನ ಕೆಲಸ. ಕಷ್ಟ ಇರುವುದು ಬೇರೆ ಕಡೆ. ಕಂಬದ ಮೇಲೆ ನಿಂತ ಆ ಸಣ್ಣ ಮೀಸೆ, ಅಂದರೆ ಎರರ್ ಬಾರ್, ಏನನ್ನು ಹೇಳುತ್ತಿದೆ ಎಂದು ಹಾಕಿದವರಿಗೇ ಗೊತ್ತಿರುವುದಿಲ್ಲ. ವೈವಾದಲ್ಲಿ, ಅಂದರೆ ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಮೊದಲು ಕೈಯಿಡುವುದೂ ಅಲ್ಲಿಯೇ. ಅದಕ್ಕೇ ಆಜ್ಞೆಗೆ ಹೋಗುವ ಮುಂಚೆ ಸ್ವಲ್ಪ ಲೆಕ್ಕ ಮಾಡೋಣ. ದಯವಿಟ್ಟು ಆ ಭಾಗ ಬಿಟ್ಟು ಮುಂದೆ ಹಾರಬೇಡಿ.

ಇನ್ನೊಂದು ಮಾತು. ಆರ್ ಎಂದರೆ ಲೆಕ್ಕ ಮಾಡಿ ಗ್ರಾಫ್ ಬಿಡಿಸುವ ಸಾಫ್ಟ್‌ವೇರ್. ಅದಕ್ಕೆ ಕೊಡುವ ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ. ಟ್ರೂ, ಫಾಲ್ಸ್ ಎನ್ನುವುದನ್ನು ಮಾತ್ರ ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕು. ಆರ್‌ಸ್ಟುಡಿಯೋದಲ್ಲಿ ಮೊದಲ ಮೂರ್ನಾಲ್ಕು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದು ತಾನೇ ಬರುತ್ತದೆ.

ಬೇಕಾಗುವ ಸಾಮಾನು

ಆರ್, ಆರ್‌ಸ್ಟುಡಿಯೋ, ಮತ್ತು ಎರಡು ಪ್ಯಾಕೇಜ್: ಗ್ರಾಫ್ ಬಿಡಿಸುವ ಜಿಜಿಪ್ಲಾಟ್2, ಎಚ್‌ಮಿಸ್ಕ್. ಪ್ಯಾಕೇಜ್ ಅಂದರೆ ಬೇರೆಯವರು ಬರೆದಿಟ್ಟ ಆಜ್ಞೆಗಳ ಗಂಟು. ಎಚ್‌ಮಿಸ್ಕ್ ಹೆಸರಿನ ಮೊದಲ ಎಚ್ ಮಾತ್ರ ದೊಡ್ಡಕ್ಷರ, ಇಲ್ಲದಿದ್ದರೆ ಸಿಗುವುದಿಲ್ಲ. ಇದೆಲ್ಲ ಉಚಿತ. ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಇಲ್ಲದ ಹಾಸ್ಟೆಲ್ ಕೋಣೆಯಲ್ಲೂ ನಡೆಯುತ್ತದೆ.

ಹಂತ 1: ಮೂರು ಮೀಸೆಗಳ ವ್ಯತ್ಯಾಸ ತಿಳಿದುಕೊಳ್ಳಿ

ಒಂದು ಉದಾಹರಣೆ ತಗೊಳ್ಳೋಣ. ಎರಿ ಹೊಲದಲ್ಲಿ ಹಿಂಗಾರಿ ಜೋಳ. 8 ಹೊಲದಲ್ಲಿ ಸುಮ್ನೆ ಬಿತ್ತಿದ್ದಾರೆ. ಇನ್ನು 8 ಹೊಲದಲ್ಲಿ ಮಳೆನೀರು ನಿಲ್ಲಲಿ ಎಂದು ಚೌಕು ಮಡಿ ಮಾಡಿ ಬಿತ್ತಿದ್ದಾರೆ. ಎಕರೆಗೆ ಬಂದ ಇಳುವರಿ ಕ್ವಿಂಟಲ್‌ನಲ್ಲಿ ಹೀಗಿದೆ. ಇವು ಲೆಕ್ಕ ಸುಲಭವಾಗಲಿ ಎಂದು ನಾನೇ ಕಟ್ಟಿಕೊಂಡ ಅಂಕಿಗಳು, ಯಾವ ಪ್ರಯೋಗದ್ದೂ ಅಲ್ಲ.

ಸಾದಾ: 4, 5, 3, 6, 4, 5, 7, 6
ಚೌಕು ಮಡಿ: 7, 6, 8, 5, 7, 9, 6, 8

ಸಾದಾ ಹೊಲಗಳ ಸರಾಸರಿ 5, ಚೌಕು ಮಡಿಯದು 7. ಈಗ ಮೀಸೆಯಾಗಿ ಏನು ಹಾಕಬಹುದು ನೋಡಿ.

ಮೊದಲನೆಯದು ಸ್ಟ್ಯಾಂಡರ್ಡ್ ಡಿವಿಯೇಷನ್, ಅಂದರೆ ಹೊಲದಿಂದ ಹೊಲಕ್ಕೆ ಇಳುವರಿ ಎಷ್ಟು ಚದುರಿದೆ ಎನ್ನುವ ಅಳತೆ. ನಮ್ಮ ಎರಡೂ ಗುಂಪಿಗೆ ಅದು 1.31. ಎರಡನೆಯದು ಸ್ಟ್ಯಾಂಡರ್ಡ್ ಎರರ್. ಹೊಲ ಬಿಡಿ, ಸರಾಸರಿಯೇ ಎಷ್ಟು ಅಲುಗಾಡಬಹುದು ಎನ್ನುವುದನ್ನು ಅದು ಹೇಳುತ್ತದೆ. 1.31 ಅನ್ನು 8ರ ವರ್ಗಮೂಲದಿಂದ ಭಾಗಿಸಿ: 0.46. ನಿಮ್ಮ ಕೋಷ್ಟಕಗಳಲ್ಲಿ ಎಸ್.ಇ.ಎಂ. ಎಂದು ಬರೆಯುತ್ತೀರಲ್ಲ, ಅದು ಈ ಜಾತಿಯದೇ.

ಮೂರನೆಯದು ಕಾನ್ಫಿಡೆನ್ಸ್ ಇಂಟರ್ವಲ್. ಕನ್ನಡದಲ್ಲಿ ವಿಶ್ವಾಸದ ಅಂತರ ಅನ್ನಬಹುದು. ಸ್ಟ್ಯಾಂಡರ್ಡ್ ಎರರನ್ನು ಟಿ ಕೋಷ್ಟಕದ ಒಂದು ಸಂಖ್ಯೆಯಿಂದ ಗುಣಿಸಿದರೆ ಅದರ ಅರ್ಧ ಅಗಲ ಸಿಗುತ್ತದೆ. 8 ಹೊಲ ಇದ್ದಾಗ 95% ಅಂತರಕ್ಕೆ ಆ ಸಂಖ್ಯೆ 2.365. ಗುಣಿಸಿದರೆ 1.09. ಆದ್ದರಿಂದ ಸಾದಾ ಗುಂಪಿಗೆ 3.9ರಿಂದ 6.1, ಚೌಕು ಮಡಿಗೆ 5.9ರಿಂದ 8.1.

ತುಂಬಾ ಜನ 2.365 ಬದಲು 1.96 ಹಾಕುತ್ತಾರೆ. ನೂರಾರು ಮಾದರಿ ಇದ್ದರೆ ಪರವಾಗಿಲ್ಲ. 8 ಹೊಲಕ್ಕೆ 1.96 ಹಾಕಿದರೆ ಅರ್ಧ ಅಗಲ 0.91ಕ್ಕೆ ಇಳಿದು, ನಿಮಗೆ ಇಲ್ಲದ ನಿಖರತೆ ಗ್ರಾಫಿನಲ್ಲಿ ಕಾಣುತ್ತದೆ. ಕಡಿಮೆ ಮಾದರಿಯ ಈ ತೊಡಕನ್ನು ಬಿಡಿಸಿದವರು ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್. 1908ರಲ್ಲಿ 'ಸ್ಟೂಡೆಂಟ್' ಎನ್ನುವ ಹೆಸರಿನಲ್ಲಿ ಅವರು ಅದನ್ನು ಪ್ರಕಟಿಸಿದರು. ಅವರ ಮುಂದೆ ಇದ್ದ ತೊಂದರೆ ನಮ್ಮದೇ: ಅಳತೆ ಕಡಿಮೆ, ತೀರ್ಮಾನ ಮಾತ್ರ ಮಾಡಲೇಬೇಕು.

95% ಅಂದರೆ ಏನು? "95% ಹೊಲಗಳು ಈ ಅಂತರದೊಳಗೆ ಬರುತ್ತವೆ" ಎಂದು ಬರೆಯುವವರೇ ಜಾಸ್ತಿ. ಅದು ತಪ್ಪು. ನಮ್ಮ ಸಾದಾ ಗುಂಪಿನಲ್ಲೇ 3 ಕ್ವಿಂಟಲ್‌ನ ಹೊಲವೂ 7 ಕ್ವಿಂಟಲ್‌ನ ಹೊಲವೂ ಅಂತರದ ಹೊರಗಿವೆ, ನೋಡಿ. ಸರಿಯಾದ ಅರ್ಥ ಹೀಗೆ: ಇದೇ ಪ್ರಯೋಗವನ್ನು ಹೊಸ ಹೊಲಗಳಲ್ಲಿ ಮತ್ತೆ ಮತ್ತೆ ಮಾಡಿ, ಪ್ರತಿ ಸಲ ಹೀಗೇ ಅಂತರ ಲೆಕ್ಕ ಹಾಕಿದರೆ, ನೂರಕ್ಕೆ ಸುಮಾರು 95 ಅಂತರಗಳು ನಿಜವಾದ ಸರಾಸರಿಯನ್ನು ಹಿಡಿದಿರುತ್ತವೆ. ಭರವಸೆ ಇರುವುದು ಆ ವಿಧಾನದ ಮೇಲೆ. ವೈವಾಗೆ ಹೋಗುವ ಮುನ್ನ ಇದನ್ನು ನಿಮ್ಮ ಮಾತಿನಲ್ಲಿ ಎರಡು ಸಲ ಹೇಳಿ ನೋಡಿಕೊಳ್ಳಿ.

ಹಂತ 2: ಎಕ್ಸೆಲ್ ಹಾಳೆ ಸರಿಮಾಡಿ

ಒಂದು ಹೊಲಕ್ಕೆ ಒಂದು ಸಾಲು. ಎರಡು ಕಾಲಮ್: ಪದ್ಧತಿ, ಇಳುವರಿ. ನಮ್ಮದು 16 ಸಾಲು. ಟ್ರೀಟ್‌ಮೆಂಟ್ ಕೆಳಗೆ, ರೆಪ್ಲಿಕೇಷನ್ ಅಡ್ಡಕ್ಕೆ ಇಟ್ಟ ಹಾಳೆಯನ್ನು ಜಿಜಿಪ್ಲಾಟ್ ಒಪ್ಪುವುದಿಲ್ಲ. ಎರಡು ಖಾನೆ ಸೇರಿಸಿ ಒಂದು ಮಾಡಿದ್ದರೆ ಬಿಡಿಸಿ. ಖಾನೆಯೊಳಗೆ "5 ಕ್ವಿಂ" ಎಂದು ಬರೆಯಬೇಡಿ, 5 ಎಂದಷ್ಟೇ ಬರೆಯಿರಿ. ಒಂದೇ ಒಂದು ಖಾನೆಯಲ್ಲಿ ಅಕ್ಷರ ಸೇರಿದರೂ ಆರ್ ಇಡೀ ಕಾಲಮನ್ನು ಪದಗಳೆಂದು ಓದುತ್ತದೆ. ಕಾಲಮ್ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇರಲಿ.

ಸಿಎಸ್‌ವಿ ಆಗಿ ಉಳಿಸಿ, ರೀಡ್.ಸಿಎಸ್‌ವಿ ಆಜ್ಞೆಯಿಂದ ತಂದುಕೊಂಡು ಅದಕ್ಕೆ ಜೋಳ ಎಂದು ಹೆಸರಿಡಿ. ಆಮೇಲೆ ಎಸ್‌ಟಿಆರ್(ಜೋಳ) ಎಂದು ಕೊಟ್ಟು, ಇಳುವರಿಯ ಮುಂದೆ ಸಂಖ್ಯೆ ಎಂದು ತೋರಿಸುತ್ತದೆಯೋ ಇಲ್ಲವೋ ನೋಡಿ. ಇದು ಹತ್ತು ಸೆಕೆಂಡಿನ ಕೆಲಸ.

ಈ ಹಂತದಲ್ಲೇ ಒಂದು ದೊಡ್ಡ ತಪ್ಪು ಒಳಗೆ ನುಸುಳುತ್ತದೆ. ಒಂದೇ ಹೊಲದಿಂದ 8 ಸಾಲು ಕೊಯ್ದು, 8 ಅಳತೆ ಬರೆದು, 8 ಹೊಲದ ಹಾಗೆ ಲೆಕ್ಕ ಹಾಕುವುದು. ಆ 8 ಸಾಲುಗಳಿಗೂ ಒಂದೇ ಮಣ್ಣು, ಒಂದೇ ಮಳೆ, ಒಬ್ಬನೇ ರೈತ. ಆಗ ಮೀಸೆ ಚಿಕ್ಕದಾಗಿ, ಚಂದವಾಗಿ ಬರುತ್ತದೆ. ಆದರೆ ಅದು ಆ ಒಂದು ಹೊಲದ ಮಾತು ಮಾತ್ರ. ಹಾಗೆ ಅಳೆದಿದ್ದರೆ ಮೊದಲು ಹೊಲಕ್ಕೊಂದು ಸರಾಸರಿ ಮಾಡಿಕೊಳ್ಳಿ. ಆ ಸರಾಸರಿಗಳೇ ನಿಮ್ಮ ಸಾಲುಗಳು. ಇದನ್ನು ಯಾವ ಸಾಫ್ಟ್‌ವೇರೂ ಹಿಡಿದು ಹೇಳುವುದಿಲ್ಲ, ಹೊಲಕ್ಕೆ ಹೋದ ನೀವೇ ಹೇಳಬೇಕು.

ಹಂತ 3: ಚುಕ್ಕೆ, ಆಮೇಲೆ ಮೀಸೆ

ಈಗ ಆಜ್ಞೆ:

ಜಿಜಿಪ್ಲಾಟ್(ಜೋಳ, ಎಇಎಸ್(ಎಕ್ಸ್ = ಪದ್ಧತಿ, ವೈ = ಇಳುವರಿ)) +
ಜಿಯಾಮ್_ಜಿಟರ್(ವಿಡ್ತ್ = 0.08, ಹೈಟ್ = 0) +
ಸ್ಟ್ಯಾಟ್_ಸಮರಿ(ಫನ್.ಡೇಟಾ = ಮೀನ್_ಸಿಎಲ್_ನಾರ್ಮಲ್)

ಮೊದಲ ಸಾಲು ಯಾವ ಕಾಲಮ್ ಯಾವ ಅಕ್ಷಕ್ಕೆ ಎಂದು ಹೇಳುತ್ತದೆ. ಎರಡನೆಯದು ಒಂದೊಂದು ಹೊಲವನ್ನೂ ಒಂದೊಂದು ಚುಕ್ಕೆಯಾಗಿ ಇಡುತ್ತದೆ. ಒಂದರ ಮೇಲೊಂದು ಬೀಳದಂತೆ ಚುಕ್ಕೆಗಳನ್ನು ಸ್ವಲ್ಪ ಅಕ್ಕಪಕ್ಕ ಸರಿಸುತ್ತದೆ. ಹೈಟ್ = 0 ಮರೆಯಬೇಡಿ. ಮರೆತರೆ ಚುಕ್ಕೆಗಳು ಮೇಲೆ ಕೆಳಗೂ ಸರಿಯುತ್ತವೆ, ಅಂದರೆ ಇಳುವರಿಯೇ ಬದಲಾದ ಹಾಗೆ ಕಾಣುತ್ತದೆ. ಮೂರನೆಯ ಸಾಲು ಸರಾಸರಿ ಮತ್ತು 95% ಅಂತರವನ್ನು ಟಿ ಲೆಕ್ಕದಲ್ಲೇ ಹಾಕಿ ಬಿಡಿಸುತ್ತದೆ. ಇದಕ್ಕೇ ಎಚ್‌ಮಿಸ್ಕ್ ಬೇಕು. ಅದಿಲ್ಲದಿದ್ದರೆ ಚುಕ್ಕೆ ಬಂದು ಮೀಸೆ ಬರುವುದಿಲ್ಲ. ಮೀಸೆಯ ತುದಿಗೆ ಅಡ್ಡಗೆರೆ ಬೇಕಿದ್ದರೆ ಅದೇ ಆಜ್ಞೆಯನ್ನು ಕೆಳಗೆ ಇನ್ನೊಮ್ಮೆ ಬರೆದು ಅದರೊಳಗೆ ಜಿಯಾಮ್ = "ಎರರ್‌ಬಾರ್", ವಿಡ್ತ್ = 0.1 ಸೇರಿಸಿ.

ಕಂಬ ಯಾಕೆ ಬಿಡಿಸಲಿಲ್ಲ ಎಂದು ಕೇಳಬಹುದು. 8 ಅಂಕಿ ಇರುವಾಗ ಆ ಎಂಟನ್ನೂ ತೋರಿಸುವುದೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಕಂಬದ ಹಿಂದೆ ಎಲ್ಲ ಅಡಗಿಹೋಗುತ್ತದೆ. ಗೈಡ್ ಕಂಬವೇ ಬೇಕು ಎಂದರೆ ಹಾಕಿ, ಆದರೆ ಅಕ್ಷ ಸೊನ್ನೆಯಿಂದಲೇ ಶುರುವಾಗಲಿ.

ಇಲ್ಲಿ ಸಿಕ್ಕಿಬೀಳುವ ಜಾಗ ಒಂದಿದೆ. ಮೂರನೆಯ ಸಾಲಿನ ಆವರಣದೊಳಗೆ ಏನನ್ನೂ ಬರೆಯದೆ ಬಿಟ್ಟರೂ ಮೀಸೆ ಬರುತ್ತದೆ! ಯಾವ ಲೆಕ್ಕ ಎಂದು ನೀವು ಹೇಳದಿದ್ದರೆ ಜಿಜಿಪ್ಲಾಟ್ ತಾನೇ ಮೀನ್_ಎಸ್‌ಇ ಆರಿಸಿಕೊಳ್ಳುತ್ತದೆ. ಅದು ಸರಾಸರಿಯ ಆಚೆ ಈಚೆ ಒಂದು ಸ್ಟ್ಯಾಂಡರ್ಡ್ ಎರರ್ ಅಷ್ಟೇ. ನಮ್ಮ ಸಾದಾ ಗುಂಪಿಗೆ 4.5ರಿಂದ 5.5. ಮೀಸೆ ಅರ್ಧಕ್ಕಿಂತಲೂ ಚಿಕ್ಕದಾಯಿತು. ಅದರ ಕೆಳಗೆ "95%" ಎಂದು ಬರೆದರೆ ಗ್ರಾಫ್ ಸುಳ್ಳು ಹೇಳಿದ ಹಾಗೆ. ಆ ಹೊತ್ತಿನಲ್ಲಿ ಕೆಳಗಿನ ಕಿಟಕಿಯಲ್ಲಿ ಒಂದು ಸಾಲಿನ ಸೂಚನೆ ಬರುತ್ತದೆ. ಕೆಂಪಕ್ಷರ ಕಂಡ ಕೂಡಲೇ ಅಳಿಸಬೇಡಿ, ಓದಿ.

ಹಂತ 4: ಕೈಯಾರೆ ಲೆಕ್ಕ ಹಾಕಬೇಕಾದಾಗ

ಸರಾಸರಿ, ಎಸ್‌ಡಿ, ಎಣಿಕೆ ಮೂರನ್ನೂ ಗುಂಪುವಾರು ತೆಗೆದುಕೊಂಡು, ಕ್ಯೂಟಿ(0.975, ಎನ್ - 1) ಎಂದು ಕೊಟ್ಟು ಟಿ ಸಂಖ್ಯೆ ಪಡೆಯಿರಿ. 8ಕ್ಕೆ 2.365 ಬರಬೇಕು. 0.95 ಅಲ್ಲ, 0.975. ಯಾಕೆಂದರೆ ಹೊರಗುಳಿಯುವ 5% ಮೇಲೆ ಅರ್ಧ, ಕೆಳಗೆ ಅರ್ಧ ಹಂಚಿಹೋಗುತ್ತದೆ. ಕೆಳತುದಿ, ಮೇಲ್ತುದಿ ಲೆಕ್ಕ ಹಾಕಿ ಜಿಯಾಮ್_ಎರರ್‌ಬಾರ್‌ಗೆ ವೈಮಿನ್, ವೈಮ್ಯಾಕ್ಸ್ ಆಗಿ ಕೊಡಿ.

ಎಣಿಕೆಯಲ್ಲಿ ಎಚ್ಚರ. ಒಂದು ಹೊಲವನ್ನು ಹಂದಿ ತಿಂದುಹೋಯಿತು, ಖಾನೆ ಖಾಲಿ ಎಂದುಕೊಳ್ಳಿ. ಸರಾಸರಿ ತೆಗೆಯುವಾಗ ಎನ್‌ಎ.ಆರ್‌ಎಂ = ಟ್ರೂ ಹಾಕಿ ಖಾಲಿ ಖಾನೆ ಬಿಡುತ್ತೀರಿ. ಆದರೆ ಲೆಂಗ್ತ್ ಆಜ್ಞೆ ಅದನ್ನೂ ಸೇರಿಸಿ 8 ಎಂದೇ ಎಣಿಸುತ್ತದೆ. ಇರುವುದು 7. ಮೀಸೆ ಇರಬೇಕಾದ್ದಕ್ಕಿಂತ ಚಿಕ್ಕದಾಗುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಖಾಲಿ ಇಲ್ಲದ ಖಾನೆಗಳನ್ನಷ್ಟೇ ಎಣಿಸಿ.

ನಿಮ್ಮ ಪ್ರಯೋಗ ಆರ್‌ಬಿಡಿ ಆಗಿದ್ದರೆ, ಅಂದರೆ ಹೊಲವನ್ನು ಬ್ಲಾಕ್‌ಗಳಾಗಿ ಮಾಡಿ ಪ್ರತಿ ಬ್ಲಾಕಿನಲ್ಲೂ ಎಲ್ಲ ಟ್ರೀಟ್‌ಮೆಂಟ್ ಹಾಕಿದ್ದರೆ, ಈ ಸಾದಾ ಲೆಕ್ಕ ಸಾಲದು. ಬ್ಲಾಕ್ ಸೇರಿಸಿ ಎಲ್‌ಎಂ, ಅಂದರೆ ರೇಖೀಯ ಮಾದರಿ ಕಟ್ಟಿ, ಎಂಮೀನ್ಸ್ ಪ್ಯಾಕೇಜಿಗೆ ಕೊಡಿ. ಸರಾಸರಿಯ ಜೊತೆ ಅಂತರದ ಎರಡೂ ತುದಿ ಅದರಿಂದಲೇ ಸಿಗುತ್ತವೆ. ನಿಮ್ಮ ಅನೋವಾ ಕೋಷ್ಟಕಕ್ಕೂ ಗ್ರಾಫಿಗೂ ಆಗ ತಾಳೆ ಆಗುತ್ತದೆ.

ಹಂತ 5: ಅಕ್ಷ ಕತ್ತರಿಸುವಾಗ ದತ್ತಾಂಶ ಕತ್ತರಿಸಬೇಡಿ

ಈ ತಪ್ಪು ಸಣ್ಣದೆಂದು ಕಾಣುತ್ತದೆ. ಆದರೆ ಬೇರೆಲ್ಲಕ್ಕಿಂತ ನನಗೆ ಚಿಂತೆ ಇದರದೇ. ಗ್ರಾಫ್ ಅಗಲವಾಗಿ ಕಾಣಲಿ ಎಂದು ಕೊನೆಗೆ ವೈಲಿಮ್(4, 8) ಎಂದು ಸೇರಿಸುತ್ತೀರಿ. ನೀವು ಅಂದುಕೊಂಡದ್ದು 4ರಿಂದ 8ರವರೆಗೆ ತೋರಿಸು ಎಂದು. ಆರ್ ಮಾಡುವುದು ಬೇರೆ. 4ಕ್ಕಿಂತ ಕೆಳಗಿನ ಮತ್ತು 8ಕ್ಕಿಂತ ಮೇಲಿನ ಹೊಲಗಳನ್ನು ಮೊದಲು ಎತ್ತಿ ಎಸೆಯುತ್ತದೆ, ಆಮೇಲೆ ಸರಾಸರಿ ಲೆಕ್ಕ ಹಾಕುತ್ತದೆ.

ನಮ್ಮ ಅಂಕಿಗಳಲ್ಲೇ ನೋಡಿ. ಸಾದಾ ಗುಂಪಿನ 3 ಹೋಯಿತು, ಸರಾಸರಿ 5ರಿಂದ 5.29ಕ್ಕೆ ಏರಿತು. ಚೌಕು ಮಡಿಯ 9 ಹೋಯಿತು, ಸರಾಸರಿ 7ರಿಂದ 6.71ಕ್ಕೆ ಇಳಿಯಿತು. ಎರಡರ ನಡುವಿನ ವ್ಯತ್ಯಾಸ 2 ಕ್ವಿಂಟಲ್ ಇದ್ದದ್ದು 1.43 ಆಯಿತು. ನೀವು ಬದಲಾಯಿಸಿದ್ದು ಚಿತ್ರದ ಅಂಚು, ಬದಲಾದದ್ದು ಫಲಿತಾಂಶ! ಎರಡು ಸಾಲು ತೆಗೆದುಹಾಕಿದೆ ಎಂಬ ಎಚ್ಚರಿಕೆ ಬರುತ್ತದೆ, ಯಾರೂ ಓದುವುದಿಲ್ಲ.

ಅದರ ಬದಲು ಕೋಆರ್ಡ್_ಕಾರ್ಟೀಸಿಯನ್(ವೈಲಿಮ್ = ಸಿ(4, 8)) ಬಳಸಿ. ಇದು ಭೂತಗನ್ನಡಿ ಹಿಡಿದ ಹಾಗೆ. ಲೆಕ್ಕ ಪೂರಾ ದತ್ತಾಂಶದ ಮೇಲೆ ನಡೆಯುತ್ತದೆ, ನೋಟ ಮಾತ್ರ ಹತ್ತಿರವಾಗುತ್ತದೆ.

ಹಂತ 6: ಮೀಸೆಗಳು ತಾಗಿದರೆ ಗಾಬರಿ ಬೇಡ

ನಮ್ಮ ಎರಡು ಅಂತರಗಳನ್ನು ಮತ್ತೆ ನೋಡಿ: 3.9ರಿಂದ 6.1, 5.9ರಿಂದ 8.1. 5.9ರಿಂದ 6.1ರವರೆಗೆ ಒಂದರ ಮೇಲೊಂದು ಬಂದಿವೆ. "ಮೀಸೆ ತಾಗ್ಯಾವ್ರೀ, ಅಂದ್ರ ಫರಕ್ ಇಲ್ಲ ಅಲ್ವಾ?" ಎಂದು ಕೇಳುತ್ತಾರೆ.

ಅಲ್ಲ. ಎರಡೂ ಗುಂಪಿನ ನಡುವೆ ಟಿ ಪರೀಕ್ಷೆ ಮಾಡಿದರೆ ಟಿ ಬೆಲೆ 3.06, ಪಿ ಬೆಲೆ (ನಿಜಕ್ಕೂ ಫರಕ್ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಕಾಣುವ ಸಂಭವ) 0.01ಕ್ಕಿಂತ ಕಡಿಮೆ. ವ್ಯತ್ಯಾಸದ ಅಂತರ 0.6ರಿಂದ 3.4 ಕ್ವಿಂಟಲ್. ಸೊನ್ನೆ ಅದರೊಳಗಿಲ್ಲ. ಅಂದರೆ ಫರಕ್ ಸ್ಪಷ್ಟವಾಗಿದೆ. ಎರಡು 95% ಮೀಸೆಗಳು ಪೂರ್ತಿ ಬೇರೆ ಬೇರೆ ನಿಂತರೆ ವ್ಯತ್ಯಾಸ ಇದೆ ಎಂದು ಹೇಳಬಹುದು. ಸ್ವಲ್ಪ ತಾಗಿದರೆ ಕಣ್ಣಳತೆಯಿಂದ ಏನೂ ಹೇಳಲಾಗದು. ನಿಮ್ಮ ಪ್ರಶ್ನೆ ವ್ಯತ್ಯಾಸದ್ದೇ ಆಗಿದ್ದರೆ ವ್ಯತ್ಯಾಸಕ್ಕೇ ಅಂತರ ಲೆಕ್ಕ ಹಾಕಿ, ಅದನ್ನೇ ಬಿಡಿಸಿ. ಟಿ.ಟೆಸ್ಟ್ ಆಜ್ಞೆ ಅದನ್ನೂ ಕೊಡುತ್ತದೆ.

ಹಂತ 7: ಗೆರೆಯ ಸುತ್ತಲಿನ ಪಟ್ಟಿ

ಇದು ದ್ರಾಕ್ಷಿಯವರ ಪ್ರಶ್ನೆ. ಚಾಟ್ನಿ ಮಾಡಿ, ಅಂದರೆ ಬಳ್ಳಿ ಸವರಿ, ಎಷ್ಟು ದಿನವಾಯಿತು ಎನ್ನುವುದು ಎಕ್ಸ್, ಹಣ್ಣಿನ ಬ್ರಿಕ್ಸ್ ಅಂದರೆ ಸಿಹಿಯ ಅಳತೆ ವೈ. ಜಿಯಾಮ್_ಸ್ಮೂತ್(ಮೆಥಡ್ = "ಎಲ್‌ಎಂ") ಕೊಟ್ಟರೆ ನೇರ ಗೆರೆ, ಅದರ ಸುತ್ತ ಬೂದು ಪಟ್ಟಿ. ಪಟ್ಟಿ ತಾನಾಗಿಯೇ 95%. ಮೆಥಡ್ ಹೇಳದಿದ್ದರೆ, ಸಾವಿರಕ್ಕಿಂತ ಕಡಿಮೆ ಚುಕ್ಕೆ ಇರುವಾಗ ಆರ್ ಲೋಎಸ್ ಎಂಬ ಬಳುಕುವ ಗೆರೆ ಹಾಕುತ್ತದೆ. ಬರಹದಲ್ಲಿ "ರೇಖೀಯ" ಎಂದಿದ್ದು ಚಿತ್ರದಲ್ಲಿ ಬಳುಕುವ ಗೆರೆ ಇದ್ದರೆ ಪ್ರಶ್ನೆ ಬಂದೇ ಬರುತ್ತದೆ.

ಆ ಬೂದು ಪಟ್ಟಿ ಸರಾಸರಿಯ ಗೆರೆಗೆ ಸಂಬಂಧಿಸಿದ್ದು, ಒಂದೊಂದು ತೋಟಕ್ಕಲ್ಲ. ರೈತರು ಕೇಳುವುದು "ನನ್ನ ತ್ವಾಟದಾಗ ಎಷ್ಟ ಬರ್ತದ್ರೀ?" ಎಂದು. ಅದಕ್ಕೆ ಉತ್ತರ ಪ್ರಿಡಿಕ್ಷನ್ ಇಂಟರ್ವಲ್, ಅಂದರೆ ಹೊಸದೊಂದು ಅಳತೆ ಎಲ್ಲಿ ಬೀಳಬಹುದು ಎನ್ನುವ ಅಂತರ. ಅದು ಯಾವಾಗಲೂ ಹೆಚ್ಚು ಅಗಲ. ಪ್ರಿಡಿಕ್ಟ್ ಆಜ್ಞೆಯಲ್ಲಿ ಇಂಟರ್ವಲ್ = "ಪ್ರಿಡಿಕ್ಷನ್" ಎಂದು ಕೊಟ್ಟು, ಬಂದ ತುದಿಗಳನ್ನು ಜಿಯಾಮ್_ರಿಬ್ಬನ್‌ನಿಂದ ಬಿಡಿಸಿ. ಕಿರಿದಾದ ಪಟ್ಟಿ ತೋರಿಸಿ ರೈತರಿಗೆ ಮಾತು ಕೊಟ್ಟರೆ ನಷ್ಟ ಅವರಿಗೆ.

ಹಂತ 8: ಶೇಕಡಾ ಇದ್ದರೆ ದಾರಿ ಬೇರೆ

ಉಳ್ಳಾಗಡ್ಡಿ ಬೀಜ 50 ಹಾಕಿದಿರಿ, 48 ಮೊಳೆತವು ಎಂದಿಟ್ಟುಕೊಳ್ಳಿ. 96%. ಪುಸ್ತಕದ ಸಾದಾ ಸೂತ್ರ ಹಾಕಿದರೆ ಅಂತರ 90.6ರಿಂದ 101.4%. ನೂರು ಬೀಜಕ್ಕೆ ನೂರಾ ಒಂದು ಮೊಳಕೆ ಬರುವುದಿಲ್ಲವಲ್ಲ! ಪ್ರಾಪ್.ಟೆಸ್ಟ್(48, 50, ಕರೆಕ್ಟ್ = ಫಾಲ್ಸ್) ಕೊಡಿ. ಅದು ವಿಲ್ಸನ್ ವಿಧಾನದಲ್ಲಿ 86.5ರಿಂದ 98.9% ಕೊಡುತ್ತದೆ. ಮೀಸೆ ಮೇಲೆ ಗಿಡ್ಡ, ಕೆಳಗೆ ಉದ್ದ ಇರುತ್ತದೆ. ಅದು ಸರಿಯೇ, ಸಮ ಮಾಡಲು ಹೋಗಬೇಡಿ.

ಪೈಥಾನ್ ಬಳಸುವವರಿಗೆ

ಸೀಬಾರ್ನ್ ಎಂಬ ಗ್ರಾಫ್ ಪ್ಯಾಕೇಜಿನ ಪಾಯಿಂಟ್‌ಪ್ಲಾಟ್ ಸಾಕು. ಎರರ್‌ಬಾರ್ = ("ಸಿಐ", 95) ಎಂದು ಕೊಡಿ. ಹಳೆಯ ಪಾಠಗಳಲ್ಲಿ ಸಿಐ = 95 ಎಂದಿರುತ್ತದೆ. 2022ರ 0.12 ಆವೃತ್ತಿಯಿಂದ ಅದು ಬದಲಾಗಿದೆ. ಸೀಬಾರ್ನ್ ಟಿ ಲೆಕ್ಕ ಮಾಡುವುದಿಲ್ಲ, ಬೂಟ್‌ಸ್ಟ್ರ್ಯಾಪ್ ಮಾಡುತ್ತದೆ. ಇದ್ದ ಅಂಕಿಗಳಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿ, ಸಾವಿರ ಸರಾಸರಿ ತೆಗೆದು, ಅವುಗಳ ಹರಡನ್ನು ನೋಡುವುದು ಈ ವಿಧಾನ. ಪ್ರತಿ ಸಲ ಉತ್ತರ ಕೂದಲೆಳೆಯಷ್ಟು ಬದಲಾಗುತ್ತದೆ, ಹಾಗಾಗಿ ಸೀಡ್ ಸಂಖ್ಯೆ ಕೊಟ್ಟು ಕಟ್ಟಿಹಾಕಿ. ಎಂಟು ಹತ್ತು ಅಂಕಿಗಳಿಗೆ ಈ ಅಂತರ ಸಾಮಾನ್ಯವಾಗಿ ಟಿ ಅಂತರಕ್ಕಿಂತ ಕಿರಿದಾಗುತ್ತದೆ. ಅಷ್ಟು ಕಡಿಮೆ ದತ್ತಾಂಶಕ್ಕೆ ನಾನು ಟಿ ಲೆಕ್ಕವನ್ನೇ ಮಾಡಿಸುತ್ತೇನೆ.

ಹಂತ 9: ಕನ್ನಡದಲ್ಲೇ ಹೆಸರು ಹಾಕಿ ಉಳಿಸುವುದು

ಅಕ್ಷಗಳಿಗೆ ಕನ್ನಡ ಹೆಸರು ಹಾಕಲು ಲ್ಯಾಬ್ಸ್ ಆಜ್ಞೆ ಸಾಕು. ಆದರೆ ಸಾದಾ ಪಿಡಿಎಫ್ ಆಗಿ ಉಳಿಸಿದರೆ ಅಕ್ಷರ ಕೆಡುತ್ತದೆ. "ಪದ್ಧತಿ"ಯ ಒತ್ತು ಕಳಚಿ ಬೀಳುತ್ತದೆ, ಇಲ್ಲವೇ ಬರೀ ಚೌಕ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿಕೊಳ್ಳಿ. ಪಿಎನ್‌ಜಿ ಬೇಕಿದ್ದರೆ ರ್‍ಯಾಗ್ ಪ್ಯಾಕೇಜ್, ಪಿಡಿಎಫ್ ಬೇಕಿದ್ದರೆ ಕೈರೋ_ಪಿಡಿಎಫ್ ಬಳಸಿ. ಇವು ಸಾಮಾನ್ಯವಾಗಿ ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತವೆ. ಮುದ್ರಣಕ್ಕೆ 300 ಡಿಪಿಐ ಇಡಿ.

ಹಂತ 10: ಚಿತ್ರದ ಕೆಳಗಿನ ಸಾಲು

ಮೀಸೆ ಎಂದರೇನು, ಎಷ್ಟು ಶೇಕಡಾ, ಯಾವ ಲೆಕ್ಕ, ಎಷ್ಟು ಹೊಲ: ಈ ನಾಲ್ಕು ಇಲ್ಲದೆ ಚಿತ್ರ ಕೊಡಬೇಡಿ. ನಮ್ಮ ಉದಾಹರಣೆಗೆ ಹೀಗೆ ಬರೆಯಬಹುದು. ನಿಮ್ಮ ಅಂಕಿ, ಬೆಳೆ ಬದಲಾಯಿಸಿಕೊಂಡು ಇದನ್ನೇ ಬಳಸಿ.

"ಚಿತ್ರ 3: ಎರಡು ಪದ್ಧತಿಗಳಲ್ಲಿ ಹಿಂಗಾರಿ ಜೋಳದ ಇಳುವರಿ, ಎಕರೆಗೆ ಕ್ವಿಂಟಲ್. ಸಣ್ಣ ಚುಕ್ಕೆ ಒಂದೊಂದು ಹೊಲ, ಪ್ರತಿ ಪದ್ಧತಿಗೆ 8. ದೊಡ್ಡ ಚುಕ್ಕೆ ಸರಾಸರಿ. ಮೀಸೆ ಸರಾಸರಿಯ 95% ಕಾನ್ಫಿಡೆನ್ಸ್ ಇಂಟರ್ವಲ್, ಟಿ ವಿತರಣೆಯಿಂದ. ವ್ಯತ್ಯಾಸ 2 ಕ್ವಿಂಟಲ್, ಅದರ 95% ಅಂತರ 0.6ರಿಂದ 3.4."